ಕೈಗುಣ ಕೇಳುವ ಮೊದಲು ನಂಬರ್ ನೋಡಿ

(ನಮ್ಮ ಬಡಾವಣೆಯ ಹಿರಿಯ ನಾಗರಿಕರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು ಇವು. ಆವತ್ತು ಬರಲಾಗದ ಕೆಲವರು ಕೇಳಿದ್ದಕ್ಕೆ ಬರೆದು ಹಾಕುತ್ತಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ರೋಗಿ ಮನೆಗೆ ಹೋದ ಮೇಲೆ ಅವರ ಕೇಸ್ ಶೀಟು ನಮ್ಮ ಮೇಜಿಗೆ ಬರುತ್ತಿತ್ತು. ಯಾವ ಡಾಕ್ಟರು ಏನು ಬರೆದರು, ಎಷ್ಟು ಹೊತ್ತಿಗೆ ಬಂದು ನೋಡಿದರು, ಯಾರಿಗೆ ತೋರಿಸಿ ಅಂತ ಕಳಿಸಿದರು, ಎಲ್ಲ ಅದರಲ್ಲೇ ಇರುತ್ತದೆ. ಹಾಗಾಗಿ ಮುಖ ನೋಡಿ ಪರಿಚಯವಾದ ಡಾಕ್ಟರಿಗಿಂತ ಬರಹ ನೋಡಿ ಪರಿಚಯವಾದ ಡಾಕ್ಟರುಗಳೇ ನನಗೆ ಜಾಸ್ತಿ.

ಹೋದ ತಿಂಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿರುವ ಒಬ್ಬರು ಕೇಳಿದರು: "ಸರ್ಕಲ್ ಹತ್ತಿರ ಹೊಸದಾಗಿ ಒಬ್ಬರು ಫಿಸಿಷಿಯನ್ ಬಂದಿದ್ದಾರಂತೆ, ಕೈಗುಣ ಹೇಗಿದೆಯಮ್ಮ?" ನಾವೆಲ್ಲ ಕೇಳುವುದು ಇದನ್ನೇ. ಕೈಗುಣ. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಯೋಚನೆ ಮಾಡಿ, ಒಂದು ಮೂವತ್ತು ನಲವತ್ತರ ಸೈಟು ತಗೊಳ್ಳಬೇಕಾದರೆ ಖಾತಾ ನೋಡುತ್ತೇವೆ, ಇಸಿ ತೆಗೆಸುತ್ತೇವೆ, ಮೂಲಪತ್ರ ಹಿಡಿದುಕೊಂಡು ಲಾಯರ್ ಹತ್ತಿರ ಓಡುತ್ತೇವೆ. ಬಿಪಿ, ಶುಗರ್, ಕಿಡ್ನಿ ಎಲ್ಲ ಸೇರಿ ಇಪ್ಪತ್ತು ವರ್ಷ ಯಾರ ಕೈಗೆ ಒಪ್ಪಿಸುತ್ತೇವೋ ಅವರ ವಿಷಯದಲ್ಲಿ ಮಾತ್ರ "ಪಕ್ಕದ ಮನೆಯವರು ಹೇಳಿದರು" ಅಂದರೆ ಸಾಕಾಗುತ್ತದೆ. ಇದು ಸರಿಯಾ?

ಫಿಸಿಷಿಯನ್ ವಿಷಯದಲ್ಲಿ ಇದು ಯಾಕೆ ಅಷ್ಟು ಮುಖ್ಯ ಅಂದರೆ, ಸರ್ಜನ್ ಹತ್ತಿರ ನಾವು ಒಂದು ಸಲ ಹೋಗಿ ಬರುತ್ತೇವೆ, ಮುಗಿಯಿತು. ಫಿಸಿಷಿಯನ್ ಹಾಗಲ್ಲ. ಹೊಸ ಆಸ್ಪತ್ರೆಗಳ ಬೋರ್ಡಿನಲ್ಲಿ ಇಂಟರ್ನಲ್ ಮೆಡಿಸಿನ್ ಅಂತ, ನಮ್ಮ ಕಾಲೇಜುಗಳಲ್ಲಿ ಜನರಲ್ ಮೆಡಿಸಿನ್ ಅಂತ ಕರೆಯುವುದು ಒಂದನ್ನೇ. ದೊಡ್ಡವರ ಒಳರೋಗಗಳನ್ನು ಔಷಧದಲ್ಲಿ ನೋಡುವವರು. ಜ್ವರ ಯಾಕೆ ಬಂತು, ಕಾಲು ಯಾಕೆ ಊದಿತು, ತೂಕ ಯಾಕೆ ಇಳಿಯಿತು, ಇದನ್ನೆಲ್ಲ ಒಟ್ಟಿಗೆ ಇಟ್ಟು ಯೋಚಿಸುವವರು ಅವರು. ಹಾರ್ಟಿನವರು, ಕಿಡ್ನಿಯವರು, ನರದವರು ಮೂರು ಜನ ಮೂರು ಚೀಟಿ ಕೊಟ್ಟಾಗ ಅದರಲ್ಲಿ ಯಾವ ಮಾತ್ರೆ ಯಾವುದಕ್ಕೆ ಆಗಿಬರುವುದಿಲ್ಲ ಅಂತ ನೋಡಬೇಕಾದವರೂ ಅವರೇ.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ನಮ್ಮ ಮಾವನವರಿಗೆ ಜ್ವರ ಬಂತು. ನಾನು ಕೆಲಸಕ್ಕೆ ಹೋದಾಗ ಮನೆಯವರು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ದಿನಾ ಒಂದು ಇಂಜೆಕ್ಷನ್, ಎರಡು ದಿನಕ್ಕೊಮ್ಮೆ ಗ್ಲೂಕೋಸು. ಒಂಬತ್ತು ದಿನವಾದರೂ ಸಂಜೆ ಆದ ಕೂಡಲೇ ಜ್ವರ ಏರುತ್ತಿತ್ತು. ಹತ್ತನೇ ದಿನ ನಾನೇ ಜೊತೆಗೆ ಹೋದೆ. ಬೋರ್ಡಿನಲ್ಲಿ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ ಎಂ.ಡಿ. ಅಂತ ಇತ್ತು. ಹತ್ತಿರ ಹೋಗಿ ನೋಡಿದರೆ ಪಕ್ಕದಲ್ಲಿ ಸಣ್ಣದಾಗಿ, ಬ್ರಾಕೆಟ್ಟಿನಲ್ಲಿ, ಎ.ಎಂ. ಅಂತ. ಆಲ್ಟರ್ನೇಟಿವ್ ಮೆಡಿಸಿನ್ ಅಂತ ಅದರ ಅರ್ಥ. ಅದು ನಮ್ಮ ಮೆಡಿಕಲ್ ಕೌನ್ಸಿಲ್ ಒಪ್ಪಿದ ಡಿಗ್ರಿಯೇ ಅಲ್ಲ. ಮನೆಗೆ ಬಂದು ಒಂಬತ್ತು ದಿನದ ಚೀಟಿಗಳನ್ನು ಹಾಸಿಗೆ ಮೇಲೆ ಹರಡಿ ನೋಡಿದೆ. ಒಂದರಲ್ಲೂ ನೋಂದಣಿ ಸಂಖ್ಯೆ ಇಲ್ಲ. ಆವತ್ತೇ ರಾತ್ರಿ ಬೇರೆ ಕಡೆ ಸೇರಿಸಿದೆವು. ಟೈಫಾಯಿಡ್ ಅಂತ ಗೊತ್ತಾಯಿತು, ಹುಷಾರಾದರು. ಆದರೆ ಆ ಒಂಬತ್ತು ದಿನ ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಎಷ್ಟೋ ದಿನ ಕಳೆದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಓದಿದೆ. ಪೂನಂ ವರ್ಮಾ ಪ್ರಕರಣ, 1996ರದ್ದು. ಅವರ ಗಂಡನಿಗೆ 1992ರಲ್ಲಿ ಮುಂಬೈನಲ್ಲಿ ಜ್ವರ ಬಂತು. ನೋಡಿದವರು ಹೋಮಿಯೋಪತಿ ಓದಿದವರು, ಕೊಟ್ಟದ್ದು ಅಲೋಪತಿ ಔಷಧ. ಮೊದಲು ವೈರಲ್ ಅಂತ, ಆಮೇಲೆ ಟೈಫಾಯಿಡ್ ಅಂತ. ಆ ಮನುಷ್ಯ ಉಳಿಯಲಿಲ್ಲ. ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಅಂತ ಕೋರ್ಟು ಹೇಳಿತು, ಹೆಂಡತಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಓದುತ್ತಾ ನಮ್ಮ ಮಾವನವರ ಹಾಸಿಗೆಯೇ ಕಣ್ಮುಂದೆ ಬಂತು.

ಸರಿ, ಏನು ನೋಡಬೇಕು? ಚೀಟಿಯಿಂದ ಶುರು ಮಾಡಿ. ಡಾಕ್ಟರುಗಳ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮಾವಳಿ ಇದೆ. ಅದರ ಪ್ರಕಾರ ಪ್ರತಿ ಡಾಕ್ಟರೂ ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು. ಚೀಟಿ, ಸರ್ಟಿಫಿಕೇಟು, ದುಡ್ಡಿನ ರಸೀದಿ ಎಲ್ಲದರಲ್ಲೂ ಅದು ಇರಬೇಕು. ಇದು ನಾವು ಕಾಡಿ ಬೇಡಿ ಪಡೆಯುವ ಮಾಹಿತಿಯಲ್ಲ, ಅವರೇ ಕೊಡಬೇಕಾದದ್ದು. ನಮ್ಮ ರಾಜ್ಯದಲ್ಲಿ ಆ ಸಂಖ್ಯೆಯ ಮುಂದೆ ಸಾಮಾನ್ಯವಾಗಿ ಕೆಎಂಸಿ ಅಂತ ಇರುತ್ತದೆ. ಇಲ್ಲೇ ಎಷ್ಟೋ ಜನ ಮೋಸ ಹೋಗುತ್ತಾರೆ, ಅಂದರೆ ಯಾರೂ ಬೇಕಂತ ಮೋಸ ಮಾಡುವುದಲ್ಲ, ನಾವೇ ತಪ್ಪು ತಿಳಿಯುತ್ತೇವೆ. "ಓ, ಇವರು ಮಣಿಪಾಲದ ಕೆಎಂಸಿಯಲ್ಲಿ ಓದಿದವರು" ಅಂದುಕೊಳ್ಳುತ್ತೇವೆ. ಅಲ್ಲ. ಅದು ಕಸ್ತೂರ್ಬಾ ಮೆಡಿಕಲ್ ಕಾಲೇಜು. ಚೀಟಿಯಲ್ಲಿ ಸಂಖ್ಯೆಯ ಜೊತೆ ಇರುವ ಕೆಎಂಸಿ ಅಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಬೆಂಗಳೂರಿನ ವಸಂತನಗರದಲ್ಲಿ ಅದರ ಕಚೇರಿ. ಎಲ್ಲಿ ಓದಿದ್ದರೂ ಸರಿ, ಕರ್ನಾಟಕದಲ್ಲಿ ಅಲೋಪತಿ ಪ್ರಾಕ್ಟೀಸ್ ಮಾಡುವವರು ಇಲ್ಲಿ ಹೆಸರು ಬರೆಸಬೇಕು, 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಆದಹಾಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ಅದರ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಅಂತ ಇದೆ. ಮೊದಲು ಎಂಸಿಐ, ಅಂದರೆ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಇತ್ತಲ್ಲ, 2020ರ ಸೆಪ್ಟೆಂಬರಿನಿಂದ ಅದರ ಜಾಗಕ್ಕೆ ಬಂದದ್ದು ಈ ಆಯೋಗ. ಅಲ್ಲಿ ಹೆಸರು ಹಾಕಿ, ಇಲ್ಲ ಸಂಖ್ಯೆ ಮತ್ತು ರಾಜ್ಯದ ಕೌನ್ಸಿಲ್ ಆರಿಸಿ ಹುಡುಕಬಹುದು. ಸುಮ್ನೆ ಸಂಖ್ಯೆ ಮಾತ್ರ ಹಾಕಿದರೆ ಬೇರೆ ಬೇರೆ ರಾಜ್ಯದ ನಾಲ್ಕೈದು ಜನ ಬರುತ್ತಾರೆ, ಯಾಕೆಂದರೆ ಒಂದೊಂದು ರಾಜ್ಯವೂ ತನ್ನದೇ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತದೆ. ಸಂಖ್ಯೆ, ರಾಜ್ಯ, ಹೆಸರು ಮೂರೂ ಹೊಂದಬೇಕು. ತೆರೆದ ಪುಟದಲ್ಲಿ ನೋಂದಣಿಯ ದಿನಾಂಕ, ಡಿಗ್ರಿ, ಡಿಗ್ರಿ ಪಡೆದ ವರ್ಷ, ವಿಶ್ವವಿದ್ಯಾಲಯ ಇರುತ್ತದೆ.

ನಮ್ಮ ಹೆಸರುಗಳದ್ದು ಒಂದು ತೊಡಕಿದೆ. ಬೋರ್ಡಿನಲ್ಲಿ ಮಂಜುನಾಥ್ ಅಂತ ಇದ್ದರೆ ರಿಜಿಸ್ಟರಿನಲ್ಲಿ ಮಂಜುನಾಥ ಅಂತ, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಒಂದು ಅಕ್ಷರ ಜಾಸ್ತಿ ಸೇರಿರುತ್ತದೆ. ಇನಿಷಿಯಲ್ಲು ಬೋರ್ಡಿನಲ್ಲಿ ಮುಂದೆ, ರಿಜಿಸ್ಟರಿನಲ್ಲಿ ಹಿಂದೆ. ಹೆಣ್ಣುಮಕ್ಕಳಾದರೆ ಓದುವಾಗ ತಂದೆಯ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಹಾಗಾಗಿ ಮೊದಲ ಸಲಕ್ಕೆ ಸಿಗಲಿಲ್ಲ ಅಂತ "ಈ ಡಾಕ್ಟರು ನಕಲಿ" ಅಂತ ಊರೆಲ್ಲ ಹೇಳಿಕೊಂಡು ಬರಬೇಡಿ. ದಯವಿಟ್ಟು. ಇದು ನನ್ನ ಕೈಮುಗಿದ ಮಾತು. ಸಂಖ್ಯೆಯಿಂದ ಹುಡುಕಿದರೆ ಬಹಳ ಸಲ ಸಿಕ್ಕೇ ಸಿಗುತ್ತದೆ. 2024ರ ಆಗಸ್ಟಿನಲ್ಲಿ ನ್ಯಾಷನಲ್ ಮೆಡಿಕಲ್ ರಿಜಿಸ್ಟರ್ ಅಂತ ಇನ್ನೊಂದು ಹೊಸ ಪೋರ್ಟಲ್ ಶುರು ಮಾಡಿದ್ದಾರೆ. ಅದಕ್ಕೆ ಡಾಕ್ಟರುಗಳು ಹೊಸದಾಗಿ ಅರ್ಜಿ ಹಾಕಬೇಕು. ಅದರಲ್ಲಿ ಹೆಸರಿಲ್ಲ ಅಂದರೂ ಗಾಬರಿ ಬೇಡ. ಅನುಮಾನ ಉಳಿದರೆ ಕೆಎಂಸಿಗೇ ಬರೆದು ಕೇಳಿ.

ಈಗ ಡಿಗ್ರಿ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಂಡಿ ಅನ್ನುವ ಎರಡಕ್ಷರದ ಹಿಂದೆ ಎಷ್ಟೊಂದು ಬೇರೆ ಬೇರೆ ಓದು ಇದೆ ಅಂತ ನಮಗೆ ಗೊತ್ತೇ ಇರುವುದಿಲ್ಲ. ನಾವು ಫಿಸಿಷಿಯನ್ ಅಂತ ಕರೆಯಬೇಕಾದವರು ಎಂಬಿಬಿಎಸ್ ಆದ ಮೇಲೆ 3 ವರ್ಷ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವರು. ಡಿಎನ್‌ಬಿ ಅಂತ ಇದ್ದರೂ, ಅದು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಗ್ರಿ, ಎಂಡಿಗೆ ಸಮನಾದದ್ದೇ, ಕಡಿಮೆ ಅಂತ ತಿಳಿಯಬೇಡಿ. ಆದರೆ ಎಂಡಿ ಅನಸ್ತೇಶಿಯಾದಲ್ಲೂ ಇದೆ, ಪೆಥಾಲಜಿಯಲ್ಲೂ ಇದೆ, ಚರ್ಮರೋಗದಲ್ಲೂ ಇದೆ. ಆಯುರ್ವೇದದಲ್ಲೂ ಎಂಡಿ ಇದೆ, ಅದರಲ್ಲಿ ಕಾಯಚಿಕಿತ್ಸೆ ಅನ್ನುವ ವಿಭಾಗ ಅವರ ಪದ್ಧತಿಯ ಒಳರೋಗ ಚಿಕಿತ್ಸೆ. ಅವರು ಕೆಎಂಸಿಯಲ್ಲಿ ಇರುವುದಿಲ್ಲ, ಆಯುರ್ವೇದ ಮತ್ತು ಯುನಾನಿಯವರಿಗೆ ಬೇರೆ ಮಂಡಳಿ ಇದೆ, ಹೋಮಿಯೋಪತಿಗೆ ಬೇರೆ. ಆಯುರ್ವೇದಕ್ಕೆ ಹೋಗುವುದಾದರೆ ತಿಳಿದು ಹೋಗಿ, ಅದರಲ್ಲಿ ಓದಿದವರ ಹತ್ತಿರವೇ ಹೋಗಿ. ತಿಳಿಯದೆ ಹೋಗಬೇಡಿ ಅನ್ನುವುದಷ್ಟೇ ನನ್ನ ಮಾತು.

ಇನ್ನೊಂದು ಥರದ ಎಂಡಿ, ರಷ್ಯಾ ಕಡೆಯಿಂದ ಓದಿಕೊಂಡು ಬಂದವರದ್ದು. ಅಲ್ಲಿ ಮೊದಲ ಡಿಗ್ರಿಗೇ ಎಂಡಿ ಫಿಸಿಷಿಯನ್ ಅನ್ನುತ್ತಾರೆ. ಇಲ್ಲಿ ಬಂದು ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಿದರೆ ಅವರು ಎಂಬಿಬಿಎಸ್ ಮಾಡಿದವರಿಗೆ ಸಮ. ಒಳ್ಳೆಯ ಡಾಕ್ಟರುಗಳು ಅವರಲ್ಲೂ ಇದ್ದಾರೆ. ಆದರೆ ಇಲ್ಲಿನ 3 ವರ್ಷದ ಎಂಡಿ ಅದಲ್ಲ.

ಹೆಸರಿನ ಮುಂದೆ ಎಫ್‌ಆರ್‌ಸಿಪಿ ಅಂತ ಇದ್ದರೆ ಅದು ಬ್ರಿಟನ್ನಿನ ರಾಯಲ್ ಕಾಲೇಜುಗಳು ಆರಿಸಿ ಕೊಡುವ ಗೌರವ, ಕೂತು ಬರೆದ ಪರೀಕ್ಷೆಯಲ್ಲ. ಎಂಆರ್‌ಸಿಪಿ ಹಾಗಲ್ಲ, ಅದು ನಿಜಕ್ಕೂ ಕಷ್ಟದ ಪರೀಕ್ಷೆ. ಡಯಾಬಿಟಾಲಜಿಸ್ಟ್ ಅನ್ನುವ ಪದ ನೋಡಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ, ಅದರ ಹಿಂದೆ ಇರುವುದು ಏನು? ಎಂಡಿ ಮೆಡಿಸಿನ್ ಮಾಡಿ ಶುಗರ್ ರೋಗಿಗಳನ್ನೇ ನೋಡುತ್ತಾ ಬಂದವರೂ ಹಾಗೆ ಬರೆದುಕೊಳ್ಳುತ್ತಾರೆ, ಎಂಬಿಬಿಎಸ್ ಮೇಲೆ ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸು ಮಾಡಿದವರೂ ಬರೆದುಕೊಳ್ಳುತ್ತಾರೆ. ಹಾರ್ಮೋನಿನ ಸೂಪರ್ ಸ್ಪೆಷಾಲಿಟಿ ಅಂದರೆ ಡಿಎಂ ಎಂಡೋಕ್ರೈನಾಲಜಿ, ಎಂಡಿ ಆದ ಮೇಲೆ ಮತ್ತೆ 3 ವರ್ಷ.

ವರ್ಷಗಳನ್ನು ಕೂಡಿಸಿ ನೋಡುವುದೂ ಒಳ್ಳೆಯದು. ಎಂಬಿಬಿಎಸ್ ನೋಂದಣಿ 2014 ಅಂತ ಇದ್ದರೆ ಎಂಡಿ ಮುಗಿಯುವುದು 2017ಕ್ಕೆ ಮೊದಲು ಸಾಧ್ಯವಿಲ್ಲ. ಜಾಹೀರಾತಿನಲ್ಲಿ 20 ವರ್ಷದ ಅನುಭವ ಅಂತ ಇದ್ದರೆ ಅದು ಹೊಂದುವುದಿಲ್ಲ. ಹಾಗಂತ ಚಿಕ್ಕ ವಯಸ್ಸಿನವರು ಬೇಡ ಅಂತಲ್ಲ. ನನ್ನ ಈಗಿನ ಫಿಸಿಷಿಯನ್ ನನ್ನ ಮಗನಿಗಿಂತ ಚಿಕ್ಕವಳು, ಅವಳನ್ನು ಬಿಟ್ಟು ಬೇರೆಯವರ ಹತ್ತಿರ ನಾನು ಹೋಗುವುದಿಲ್ಲ.

ಕ್ಲಿನಿಕ್ಕಿನದ್ದೂ ಒಂದು ನೋಂದಣಿ ಇದೆ, ಕೆಪಿಎಂಇ ಅಂತ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಕೊಡುವುದು. ಒಳಗೆ ಹೋದ ಕೂಡಲೇ ಗೋಡೆಯ ಮೇಲೆ ಆ ಸರ್ಟಿಫಿಕೇಟು ಕಾಣಬೇಕು. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ದೂರು ಇದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಬಹುದು.

ಮೊಬೈಲಿನಲ್ಲಿ ಸ್ಟಾರ್ ನೋಡುತ್ತೀರಲ್ಲ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಸ್ಟಾರ್ ಕೊಟ್ಟವರ ಮಾತನ್ನು ಸಾವಧಾನವಾಗಿ ಓದಿ. ಎರಡು ಗಂಟೆ ಕಾಯಿಸಿದರು, ರಿಸೆಪ್ಷನ್ ಹುಡುಗಿ ಸರಿಯಾಗಿ ಮಾತಾಡಲಿಲ್ಲ, ಕಾರು ನಿಲ್ಲಿಸಲು ಜಾಗ ಇಲ್ಲ. ಇದೆಲ್ಲ ನಿಜವೇ ಇರಬಹುದು, ಆದರೆ ರೋಗ ಪತ್ತೆ ಮಾಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೋರ್ಟಿನ, ಗ್ರಾಹಕ ಆಯೋಗದ ಆದೇಶಗಳೂ ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ನೋಡಿ, ಆದರೆ ಎರಡು ವಿಷಯ ನೆನಪಿಡಿ: ಅದೇ ಹೆಸರಿನ ಇನ್ನೊಬ್ಬರು ಇರಬಹುದು, ಮತ್ತು ಕೇಸು ಹಾಕಿದ ಮಾತ್ರಕ್ಕೆ ತಪ್ಪು ಮಾಡಿದ ಹಾಗಲ್ಲ. ಆದೇಶದ ಕೊನೆಯ ಪುಟ ಓದದೆ ಯಾರ ಬಗ್ಗೆಯೂ ಮಾತಾಡಬೇಡಿ.

ಇನ್ನೊಂದು ಮಾತು ಬೇಸರದಿಂದಲೇ ಹೇಳುತ್ತೇನೆ. ಡಾಕ್ಟರ ಬಗ್ಗೆ ವಿಚಾರಿಸುವುದು ಅಂದರೆ ನಮ್ಮಲ್ಲಿ ಕೆಲವರು ಮೊದಲು ಕೇಳುವುದು "ಯಾವ ಜನ?" ಅಂತ. ಮನೆ ಎಲ್ಲಿ, ಗಂಡ ಏನು ಮಾಡುತ್ತಾರೆ, ಮಕ್ಕಳೆಷ್ಟು ಅಂತ. ಇದು ಯಾವುದೂ ನಮಗೆ ಬೇಕಾಗಿಲ್ಲ. ಅವರ ಓದು, ನೋಂದಣಿ, ಕೆಲಸ, ಇಷ್ಟಕ್ಕೆ ಮಾತ್ರ ನಮ್ಮ ಹಕ್ಕು.

ಮಕ್ಕಳು ಹೊರದೇಶದಲ್ಲಿ ಇರುವವರು ಇಲ್ಲಿ ಆರೇಳು ಜನ ಇದ್ದೀರಿ, ಆರು ತಿಂಗಳು ಹೋಗಿ ಇರುತ್ತೀರಿ. ಅಮೆರಿಕದಲ್ಲಿ ಎಂಡಿ ಅನ್ನುವುದು ಡಾಕ್ಟರ್ ಓದಿನ ಮೊದಲ ಡಿಗ್ರಿ. ಅಲ್ಲಿ ಕೇಳಬೇಕಾದದ್ದು ಇಂಟರ್ನಲ್ ಮೆಡಿಸಿನ್‌ನಲ್ಲಿ ಬೋರ್ಡ್ ಸರ್ಟಿಫೈಡಾ ಅಂತ. ಅದನ್ನು ಕೊಡುವ ಎಬಿಐಎಂ ಸಂಸ್ಥೆಯ ಜಾಲತಾಣದಲ್ಲೇ ಹೆಸರು ಹಾಕಿ ನೋಡಬಹುದು, ಲೈಸೆನ್ಸನ್ನು ಆಯಾ ರಾಜ್ಯದ ಮೆಡಿಕಲ್ ಬೋರ್ಡಿನಲ್ಲಿ ನೋಡಬಹುದು. ಇಂಗ್ಲೆಂಡಿನಲ್ಲಿ ಜಿಎಂಸಿ, ಅಂದರೆ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ರಿಜಿಸ್ಟರ್ ಇದೆ. ಪ್ರಾಕ್ಟೀಸ್ ಮಾಡಲು ಲೈಸೆನ್ಸ್ ಇದೆಯಾ, ಸ್ಪೆಷಲಿಸ್ಟ್ ಪಟ್ಟಿಯಲ್ಲಿ ಇದ್ದಾರಾ ಅಂತ ಒಂದೇ ಪುಟದಲ್ಲಿ ಕಾಣುತ್ತದೆ. ನಮ್ಮಲ್ಲೂ ಹಾಗೆ ಆಗಬೇಕು ಅನ್ನುವುದು ನನ್ನ ಆಸೆ.

ಈಗ ಕೈಗುಣಕ್ಕೆ ಬರುತ್ತೇನೆ. ಕಾಗದ ಎಲ್ಲ ಸರಿ ಇದ್ದೂ ಒಳ್ಳೆಯ ಫಿಸಿಷಿಯನ್ ಅಲ್ಲದೇ ಇರಬಹುದು. ಅದು ರಿಜಿಸ್ಟರಿನಲ್ಲಿ ಸಿಗುವುದಿಲ್ಲ, ಎದುರು ಕೂತಾಗಲೇ ಗೊತ್ತಾಗಬೇಕು. ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹಿರಿಯ ಫಿಸಿಷಿಯನ್ ಇದ್ದರು. ಅವರ ಕೇಸ್ ಶೀಟು ನೂರರ ನಡುವೆ ಇದ್ದರೂ ಗುರುತು ಸಿಗುತ್ತಿತ್ತು. ಇಡೀ ಪುಟ ಇಂಗ್ಲಿಷಿನಲ್ಲಿ ಇದ್ದು ನಡುವೆ ಒಂದೊಂದು ಪದ ಕನ್ನಡದಲ್ಲಿ ಇರುತ್ತಿತ್ತು. "ಸಂಕಟ, 3 ದಿನ". "ಎದೆ ಕಳವಳ, ಮೆಟ್ಟಿಲು ಹತ್ತಿದಾಗ". "ಜೋಮು, ಎಡಗೈ". ಒಂದು ಸಲ ಕೇಳಿಯೇಬಿಟ್ಟೆ, ಯಾಕೆ ಸರ್ ಹೀಗೆ ಬರೆಯುತ್ತೀರಿ ಅಂತ. "ಸಂಕಟಕ್ಕೆ ಇಂಗ್ಲಿಷಿನಲ್ಲಿ ಪದ ಇಲ್ಲಮ್ಮ. ವಾಂತಿ ಬರುವ ಹಾಗೆ ಅಂತ ಬರೆದರೆ ಹೊಟ್ಟೆ ಕಡೆಗೇ ಯೋಚನೆ ಹೋಗುತ್ತದೆ, ಎದೆನೋವು ಅಂತ ಬರೆದರೆ ಹೃದಯದ ಕಡೆಗೇ ಹೋಗುತ್ತದೆ. ಅವರು ಹೇಳಿದ್ದನ್ನೇ ಇಟ್ಟುಕೊಂಡರೆ ಎರಡೂ ನೋಡುತ್ತೇನೆ" ಅಂದರು. ನಾವು ಕೈಗುಣ ಅನ್ನುವುದು ಇದನ್ನೇ ಅಂತ ನನಗೆ ಆವತ್ತು ಅನ್ನಿಸಿತು. ನಾವು ಹೇಳಿದ್ದನ್ನು ಅವರು ಕೇಳಿಸಿಕೊಂಡರು, ಅಷ್ಟೇ.

ಹಾಗಾಗಿ ಮೊದಲ ಭೇಟಿಯಲ್ಲಿ ಗಮನಿಸಿ. ಈಗ ಏನೇನು ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಕೇಳಿದರಾ? ನೀವೂ ಎಲ್ಲ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಮೂಲವ್ಯಾಧಿಗೆ ಅಂತ ತಗೊಂಡ ಪುಡಿಯನ್ನೂ ಬಿಡಬೇಡಿ. ಮುಟ್ಟಿ ನೋಡಿದರಾ, ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಿದರಾ? ಇದು ನನಗೆ ಬರುವುದಿಲ್ಲ, ಇಂಥವರಿಗೆ ತೋರಿಸಿ ಅಂತ ಹೇಳುವವರಾ? ಕೇಸ್ ಶೀಟುಗಳನ್ನು ನೋಡಿ ನೋಡಿ ನಾನು ಕಲಿತದ್ದು, ಹಾಗೆ ಬೇಗ ಕಳಿಸುವವರ ರೋಗಿಗಳು ಕಡಿಮೆ ಕಷ್ಟಪಡುತ್ತಿದ್ದರು. ಮತ್ತೆ ಇದನ್ನಂತೂ ಕೇಳಿಯೇ ಕೇಳಿ: "ಅಡ್ಮಿಟ್ ಆಗಬೇಕಾಗಿ ಬಂದರೆ ನೀವೇ ನೋಡುತ್ತೀರಾ ಸರ್, ಇಲ್ಲ ಬೇರೆಯವರಾ? ನೀವು ಊರಲ್ಲಿ ಇಲ್ಲದಾಗ ಯಾರು?" ಬೋರ್ಡಿನಲ್ಲಿ ಹತ್ತು ಹೆಸರು ಇದ್ದು ವಾರಕ್ಕೆ ಒಂದು ಗಂಟೆ ಬಂದುಹೋಗುವವರೂ ಅದರಲ್ಲಿ ಇರುತ್ತಾರೆ.

ಡಾಕ್ಟರನ್ನು ಬದಲಾಯಿಸುವುದಾದರೆ ಹಳೆಯ ದಾಖಲೆ ಕೇಳಿ ತಗೊಳ್ಳಿ. ನಾನು ಮೊದಲು ಹೇಳಿದ 2002ರ ನಿಯಮದಲ್ಲೇ ಇದೂ ಇದೆ, ಒಳರೋಗಿಯ ದಾಖಲೆ 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನನ್ನ ಮೇಜಿನ ಮುಂದೆ ನಿಂತು "ಕೊಡ್ತೀರಾ ಮೇಡಂ?" ಅಂತ ಅಳುಕುತ್ತಾ ಕೇಳಿದವರು ಎಷ್ಟು ಜನ! ಅಳುಕಬೇಡಿ, ಅದು ನಿಮ್ಮದೇ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು ಎರಡು. "ನಂಬರ್ ಕೇಳಿದರೆ ಡಾಕ್ಟರಿಗೆ ಬೇಜಾರಾಗಲ್ವಾ?" ಅಂತ ಒಬ್ಬರು ಅಮ್ಮ ಕೇಳಿದರು. ಕಷ್ಟಪಟ್ಟು ಒಂಬತ್ತು ಹತ್ತು ವರ್ಷ ಓದಿದವರಿಗೆ ಆ ಸಂಖ್ಯೆಯ ಮೇಲೆ ಅಭಿಮಾನ ಇರುತ್ತದಮ್ಮ. "ಸರ್, ಇನ್ಶೂರೆನ್ಸ್ ಪೇಪರಿಗೆ ನಿಮ್ಮ ರಿಜಿಸ್ಟ್ರೇಷನ್ ನಂಬರ್ ಬೇಕಿತ್ತು" ಅಂದರೂ ಆಯಿತು, ಅದರಲ್ಲಿ ನಿಜವಾಗಿಯೂ ಬೇಕಾಗುತ್ತದೆ. ಆದರೆ ನೇರವಾಗಿ ಕೇಳುವುದೇ ಮೇಲು.

ಇನ್ನೊಬ್ಬರು, ಎಂಬತ್ತು ದಾಟಿದ ಯಜಮಾನರು, ಪ್ರಶ್ನೆ ಕೇಳಲಿಲ್ಲ. ಜುಬ್ಬದ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ನನ್ನ ಕೈಗೆ ಕೊಟ್ಟು "ನೋಡಮ್ಮ" ಅಂದರು. ಸಭೆ ಮುಗಿದ ಮೇಲೆ ಅವರ ಮೊಮ್ಮಗನ ಮೊಬೈಲಿನಲ್ಲಿ ಮೂವರೂ ಕೂತು ಹುಡುಕಿದೆವು. ಹೆಸರು ಹಾಕಿದರೆ ಸಿಗಲಿಲ್ಲ. ಸಂಖ್ಯೆ ಹಾಕಿ ಕರ್ನಾಟಕ ಆರಿಸಿದ ಮೇಲೆ ಬಂತು, ಇನಿಷಿಯಲ್ಲು ಬಿಡಿಸಿ ಪೂರ್ತಿ ಹೆಸರಾಗಿತ್ತು. ಎಂಬಿಬಿಎಸ್ ಇತ್ತು, ವರ್ಷ ಇತ್ತು. ಚೀಟಿಯಲ್ಲಿದ್ದ ಎಂಡಿ ಮಾತ್ರ ಅಲ್ಲಿ ಕಾಣಲಿಲ್ಲ. ಎಂಡಿ ಆದ ಮೇಲೆ ಅದನ್ನೂ ಕೌನ್ಸಿಲ್ಲಿನಲ್ಲಿ ಸೇರಿಸಬೇಕು, ಸೇರಿಸಿದ್ದು ಈ ಪುಟಕ್ಕೆ ಬರದೇ ಉಳಿಯುವುದೂ ಉಂಟು, ಹಾಗಾಗಿ ಈಗಲೇ ಏನೂ ಅಂದುಕೊಳ್ಳಬೇಡಿ ಅಂತ ಅವರಿಗೆ ಹೇಳಿದೆ. ಗುರುವಾರ ಅವರಿಗೆ ಅಪಾಯಿಂಟ್‌ಮೆಂಟ್ ಇದೆಯಂತೆ. "ಎಂಡಿ ಯಾವ ಕಾಲೇಜಿನಲ್ಲಿ ಮಾಡಿದಿರಿ, ಯಾವ ವರ್ಷ, ಅಂತ ಕೇಳುತ್ತೇನೆ" ಅಂದರು. ಚೀಟಿಯ ಹಿಂದೆ ಆ ಎರಡು ಪ್ರಶ್ನೆಯನ್ನು ಮೊಮ್ಮಗನ ಕೈಯಲ್ಲಿ ಬರೆಸಿ, ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು.